ವೇಷ ಹೋಗನ್‌ನದು, ಪೆಟ್ಟು ಬೊಲಿಯಾಗೆ

2025ರ ಜುಲೈ 24ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಕ್ಲಿಯರ್‌ವಾಟರ್‌ನಲ್ಲಿ ವೃತ್ತಿಪರ ಕುಸ್ತಿಪಟು ಹಲ್ಕ್ ಹೋಗನ್ ತಮ್ಮ 71ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕುರಿತು ಓದುಗರು ಬರೆದ ಪತ್ರಗಳಲ್ಲಿ ಗೆದ್ದ ಪಟ್ಟಗಳ ಲೆಕ್ಕ ಕೇಳಿದವರು ಕಡಿಮೆ. ಬಿದ್ದ ಪೆಟ್ಟುಗಳ ವಿಚಾರ ಕೇಳಿದವರೇ ಹೆಚ್ಚು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಓದುವಾಗ ಒಂದು ಸಂಗತಿ ನೆನಪಿರಲಿ. ಹಲ್ಕ್ ಹೋಗನ್ ಎಂಬುದು ವೇಷದ ಹೆಸರು. ಆ ವೇಷ ತೊಟ್ಟಿದ್ದವರು 1953ರ ಆಗಸ್ಟ್ 11ರಂದು ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಹುಟ್ಟಿ ಫ್ಲಾರಿಡಾದ ಟ್ಯಾಂಪಾದಲ್ಲಿ ಬೆಳೆದ, ಕುಸ್ತಿಗೆ ಬರುವ ಮುನ್ನ ಬ್ಯಾಂಡುಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಟೆರಿ ಬೊಲಿಯಾ.

ಪ್ರಶ್ನೆ: ಈ ಕುಸ್ತಿಯಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯವಾಗಿರುತ್ತದೆ ಎನ್ನುತ್ತಾರೆ. ಹಾಗಿದ್ದ ಮೇಲೆ ಹೋಗನ್ ಅವರ ಬೆನ್ನು, ಸೊಂಟ, ಮಂಡಿ ಎಲ್ಲವೂ ಹಾಳಾದದ್ದು ಹೇಗೆ? ಆ ಶಸ್ತ್ರಚಿಕಿತ್ಸೆಗಳೂ ಪ್ರಚಾರಕ್ಕೆ ಕಟ್ಟಿದ ಕಥೆಗಳೇ?

ಉತ್ತರ: ನಿಶ್ಚಯವಾಗಿರುವುದು ಫಲಿತಾಂಶ ಮಾತ್ರ, ಕೆಳಗಿನ ಹಲಗೆ ನಿಜವಾದದ್ದೇ. ರಿಂಗ್ ಎಂದರೆ ಉಕ್ಕಿನ ತೊಲೆಗಳ ಮೇಲೆ ಹಾಸಿದ ಮರದ ಹಲಗೆ, ಅದರ ಮೇಲೊಂದು ತೆಳುವಾದ ಮೆತ್ತೆ, ಅದರ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್. ಹೋಗನ್ ಪಂದ್ಯ ಮುಗಿಸುತ್ತಿದ್ದ ಪಟ್ಟಿನ ಹೆಸರು ಲೆಗ್ ಡ್ರಾಪ್. ಎದುರಾಳಿಯನ್ನು ಕೆಡವಿ, ಹಗ್ಗಕ್ಕೆ ಬೆನ್ನು ಕೊಟ್ಟು ಚಿಮ್ಮಿ ಬಂದು, ನೆಗೆದು ಕಾಲು ಚಾಚಿ, ಮಲಗಿದವನ ಕತ್ತಿನ ಮೇಲೆ ಕಾಲು ಬೀಳುವಂತೆ ಕುಂಡೆಯೂರಿ ಬೀಳುವುದು ಆ ಪಟ್ಟು. ನೋಡುವವರ ಕಣ್ಣಿಗೆ ಪೆಟ್ಟು ಬಿದ್ದದ್ದು ಮಲಗಿದವನಿಗೆ. ಆದರೆ ಎದುರಾಳಿಗೆ ಭಾರ ತಗಲದಂತೆ ಬೀಳುವುದರಲ್ಲಿಯೇ ಆ ಪಟ್ಟಿನ ಕೌಶಲವಿರುವುದರಿಂದ, 130 ಕಿಲೋಗೂ ಮಿಕ್ಕ ದೇಹದ ಅಷ್ಟೂ ತೂಕ ಹಾಕುವವನ ಸ್ವಂತ ಸೊಂಟಕ್ಕೂ ಬೆನ್ನೆಲುಬಿನ ಬುಡಕ್ಕೂ ಬಡಿಯುತ್ತದೆ. ಊರಿಂದ ಊರಿಗೆ ತಿರುಗುತ್ತ, ರಾತ್ರಿಯಿಂದ ರಾತ್ರಿಗೆ, ವರ್ಷಗಟ್ಟಲೆ ಹೀಗೆ ಬಿದ್ದರೆ ಮೂಳೆ ಏನಾಗಬೇಕೋ ಅದೇ ಆಯಿತು. ಬೇರೊಂದು ಪಟ್ಟನ್ನು ಆರಿಸಿಕೊಳ್ಳಬೇಕಿತ್ತು ಎಂದು ಮುಂದೆ ಅವರೇ ಹಳಹಳಿಸಿದ್ದುಂಟು.

ಕೊನೆಗಾಲದಲ್ಲಿ ಅವರ ಎರಡೂ ಮಂಡಿಗಳು, ಎರಡೂ ಸೊಂಟದ ಕೀಲುಗಳು ಬದಲಿಯವಾಗಿದ್ದವು. ಬೆನ್ನಿಗೆ ಹತ್ತರಷ್ಟು ಬಾರಿ ಕತ್ತರಿ ಬಿದ್ದಿದೆ, ಹತ್ತು ವರ್ಷಗಳಲ್ಲಿ ಒಟ್ಟು 25 ಶಸ್ತ್ರಚಿಕಿತ್ಸೆಗಳಾಗಿವೆ ಎಂದು ಅವರು ಹೇಳುತ್ತಿದ್ದರು. ಹೋಗನ್ ಹೇಳಿಕೊಂಡ ಕಥೆಗಳನ್ನು ಒಂದಿಷ್ಟು ಸೋಸಿ ನಂಬುವುದು ಕ್ಷೇಮವೆಂಬುದು ನಿಜ. ಆದರೆ ಅವರು ನಡೆಯುವುದನ್ನು ನೋಡಿದವರಿಗೆ ಈ ಒಂದು ಕಥೆಯನ್ನು ಸೋಸುವ ಅಗತ್ಯವಿರಲಿಲ್ಲ. ತೀರಿಕೊಳ್ಳುವ ಎರಡು ತಿಂಗಳ ಮೊದಲು ಕತ್ತಿನ ಶಸ್ತ್ರಚಿಕಿತ್ಸೆಯೂ ಆಗಿತ್ತು.

ಇದಕ್ಕೆ ಸೇರಿಸಿ ಹೇಳಲೇಬೇಕಾದ ಇನ್ನೊಂದು ವಿಚಾರವಿದೆ, ಅದನ್ನು ಪ್ರಶ್ನೆಯಲ್ಲಿ ಯಾರೂ ಕೇಳಿಲ್ಲ. ಹೋಗನ್ ಅವರಿಗೆ ಹೆಸರು ತಂದ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಎಂಬ ಕುಸ್ತಿ ಕಂಪನಿಯ ಕುಸ್ತಿಪಟುಗಳು ಕಾಗದದ ಮೇಲೆ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಹಾಗಾಗಿ ನೌಕರನಿಗೆ ಸಿಗುವ ಆರೋಗ್ಯ ವಿಮೆಯಾಗಲಿ ನಿವೃತ್ತಿ ವೇತನವಾಗಲಿ ಅವರಿಗಿರಲಿಲ್ಲ. 1986ರಲ್ಲಿ ಕುಸ್ತಿಪಟು ಜೆಸ್ಸಿ ವೆಂಚುರಾ, ಮುಂದೆ ಮಿನೆಸೋಟಾ ರಾಜ್ಯದ ಗವರ್ನರ್ ಆದವರು, ಎಲ್ಲರೂ ಸೇರಿ ಸಂಘ ಕಟ್ಟೋಣವೆಂದು ಡ್ರೆಸಿಂಗ್ ರೂಮಿನಲ್ಲಿ ಮಾತೆತ್ತಿದರು. ಆ ಮಾತು ಮಾಲೀಕ ವಿನ್ಸ್ ಮ್ಯಾಕ್‌ಮ್ಯಾನ್ ಅವರ ಕಿವಿಗೆ ಮುಟ್ಟಿತು, ಸಂಘ ಅಲ್ಲಿಗೇ ಮುಗಿಯಿತು. ಮುಟ್ಟಿಸಿದವರು ಹೋಗನ್ ಎಂಬುದು ಮುಂದೊಂದು ಮೊಕದ್ದಮೆಯಲ್ಲಿ ಮ್ಯಾಕ್‌ಮ್ಯಾನ್ ಅವರ ಹೇಳಿಕೆಯಿಂದಲೇ ತನಗೆ ತಿಳಿಯಿತೆಂದು ವೆಂಚುರಾ ಪದೇ ಪದೇ ಹೇಳಿದ್ದಾರೆ. ಅತಿ ಹೆಚ್ಚು ಗಳಿಸುತ್ತಿದ್ದ ಹೋಗನ್‌ಗೆ ತಮ್ಮ ಮಂಡಿಯ ಖರ್ಚು ತಾವೇ ಭರಿಸುವ ಶಕ್ತಿಯಿತ್ತು, ಅವರೆದುರು ಸೋಲಲು ನಿಯಮಿತರಾಗಿದ್ದವರಿಗೆ ಇರಲಿಲ್ಲ. ಅವರ ಮೇಲಿರುವ ಆರೋಪಗಳಲ್ಲಿ ಜನ ಅತಿ ಕಡಿಮೆ ಮಾತಾಡುವುದು ಇದರ ಬಗ್ಗೆ. ನನಗೆ ಮಾತ್ರ ಇದೇ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: 1987ರಲ್ಲಿ ಆಂಡ್ರೆ ದಿ ಜೈಂಟ್ ಅವರನ್ನು ಹೋಗನ್ ಎತ್ತಿ ಹಾಕಿದ ಪಂದ್ಯವನ್ನು ನಿಜವಾಗಿಯೂ 93,173 ಜನ ನೋಡಿದರೇ?

ಉತ್ತರ: ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಮಾರ್ಚ್ 29ರಂದು ಕಂಪನಿ ಘೋಷಿಸಿದ ಸಂಖ್ಯೆ ಅದು. ಈ ಕ್ಷೇತ್ರವನ್ನು ಬಲ್ಲ ಪತ್ರಕರ್ತರು 78,000ದ ಆಸುಪಾಸು ಎನ್ನುತ್ತಾರೆ. ಅಷ್ಟು ಜನ ಸೇರಿದ್ದೂ ಸಣ್ಣ ಮಾತಲ್ಲ. ಇದ್ದುದು ಸಾಲದೆಂದು ಅದಕ್ಕೊಂದಿಷ್ಟು ಕೂಡಿಸುವುದು ಆ ಉದ್ಯಮದ ಅಭ್ಯಾಸ, ಅದೇ ಅಭ್ಯಾಸ ಹೋಗನ್ ಅವರ ನಾಲಿಗೆಗೂ ಹತ್ತಿತ್ತು.

ಪ್ರಶ್ನೆ: ಮಕ್ಕಳ ಆರಾಧ್ಯ ನಾಯಕನಾಗಿದ್ದವರ ಮೇಲೆ ಮೊದಲ ಕಪ್ಪುಚುಕ್ಕೆ ಬಿದ್ದದ್ದು ಯಾವಾಗ? ಸ್ಟಿರಾಯ್ಡ್ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯಾಗಿತ್ತೇ?

ಉತ್ತರ: ಶಿಕ್ಷೆಯಾಗಲಿಲ್ಲ, ಅವರು ಆರೋಪಿಯೂ ಆಗಿರಲಿಲ್ಲ. ಆದರೂ ಅವರ ವೃತ್ತಿಜೀವನದ ಮೊದಲ ನಿಜವಾದ ಸೋಲು ಅದೇ.

1984ರ ಜನವರಿ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐರನ್ ಶೇಕ್ ಅವರನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಎಫ್ ಪಟ್ಟ ಏರಿದ ಮೇಲೆ ಹೋಗನ್ ಪಾತ್ರ ಮಕ್ಕಳಿಗೆ ಕೊಡುತ್ತಿದ್ದ ಉಪದೇಶ ಮೂರು: ಕಸರತ್ತು ಮಾಡಿ, ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ. ಆ ತೋಳುಗಳ ಗುಟ್ಟು ವಿಟಮಿನ್ನಿನಲ್ಲಿದೆಯೆಂದು ಮಕ್ಕಳು ನಂಬಿದರು. 1991ರಲ್ಲಿ, ಅಂದರೆ ಮಾಂಸಖಂಡ ಬೆಳೆಸುವ ಅನಬಾಲಿಕ್ ಸ್ಟಿರಾಯ್ಡ್‌ಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿದ ಅಮೆರಿಕದ ಕಾನೂನು ಜಾರಿಗೆ ಬಂದ ವರ್ಷದಲ್ಲಿಯೇ, ಕುಸ್ತಿಪಟುಗಳಿಗೆ ಆ ಔಷಧ ಒದಗಿಸುತ್ತಿದ್ದ ಪೆನ್ಸಿಲ್ವೇನಿಯಾದ ವೈದ್ಯ ಜಾರ್ಜ್ ಜಹೋರಿಯನ್ ಅಪರಾಧಿಯೆಂದು ತೀರ್ಮಾನವಾಯಿತು. ಹೋಗನ್ ಹೆಸರೂ ಕೇಳಿಬಂತು. ಆಗ ಅವರು ಟೀವಿಯ ಜನಪ್ರಿಯ ಸಂದರ್ಶನ ಕಾರ್ಯಕ್ರಮವೊಂದಕ್ಕೆ ಬಂದು, ಗಾಯದ ಚಿಕಿತ್ಸೆಗೆಂದು ವೈದ್ಯರು ಕೊಟ್ಟಾಗ ಬಳಸಿದ್ದು ಬಿಟ್ಟರೆ ತಾನು ಅದನ್ನು ಮುಟ್ಟಿದವನಲ್ಲ ಎಂದರು. ಕುಸ್ತಿಪಟುಗಳಿಗೆ ಇದು ಸುಳ್ಳೆಂದು ಗೊತ್ತಿತ್ತು. ತಾನು ಬಳಸಿದ್ದೆ, ಇನ್ನು ಬಳಸುವುದಿಲ್ಲ ಎಂದು ಆ ದಿನ ಹೇಳಿದ್ದರೆ ನಾಲ್ಕು ದಿನದ ಗದ್ದಲದಲ್ಲಿ ಮುಗಿಯುತ್ತಿತ್ತೇನೋ. ಆದರೆ ಆ ಕುರ್ಚಿಯಲ್ಲಿ ಕುಳಿತು ಉತ್ತರ ಕೊಟ್ಟದ್ದು ಬೊಲಿಯಾ ಅಲ್ಲ, ಹೋಗನ್. ಹೋಗನ್‌ಗೆ ವಿಟಮಿನ್ ಬಿಟ್ಟು ಬೇರೆ ಉತ್ತರವೇ ಇರಲಿಲ್ಲ.

ಸುಳ್ಳು ಕಳಚಿದ್ದು 1994ರ ಜುಲೈನಲ್ಲಿ. ಸ್ಟಿರಾಯ್ಡ್ ಹಂಚಿಕೆಯ ಸಂಚಿನ ಆರೋಪದಲ್ಲಿ ಮ್ಯಾಕ್‌ಮ್ಯಾನ್ ನ್ಯಾಯಾಲಯ ಹತ್ತಿದಾಗ, ತನ್ನ ಮೇಲೆ ಕ್ರಮ ಜರುಗಿಸುವುದಿಲ್ಲವೆಂಬ ರಕ್ಷಣೆ ಪಡೆದು ಸರ್ಕಾರದ ಪರ ಸಾಕ್ಷಿಯಾಗಿ ಬಂದ ಬೊಲಿಯಾ, 1970ರ ದಶಕದಿಂದಲೂ ತಾನು ಸ್ಟಿರಾಯ್ಡ್ ಬಳಸುತ್ತ ಬಂದಿದ್ದನ್ನು ಪ್ರಮಾಣ ಮಾಡಿ ಒಪ್ಪಿಕೊಂಡರು. ಮಾರಬೇಕೆಂದಾಗಲಿ ಹಂಚಬೇಕೆಂದಾಗಲಿ ಮ್ಯಾಕ್‌ಮ್ಯಾನ್ ತನಗೆ ಹೇಳಿರಲಿಲ್ಲ ಎಂದದ್ದರಿಂದ ಸಾಕ್ಷ್ಯ ಸರ್ಕಾರಕ್ಕೂ ಒದಗಲಿಲ್ಲ, ಮ್ಯಾಕ್‌ಮ್ಯಾನ್ ಖುಲಾಸೆಯಾದರು. ವಿಚಿತ್ರವೆಂದರೆ, ಅದೇ ಜುಲೈ ತಿಂಗಳಲ್ಲಿ ಹೋಗನ್ ಪ್ರತಿಸ್ಪರ್ಧಿ ಕಂಪನಿಯಾದ ಡಬ್ಲ್ಯುಸಿಡಬ್ಲ್ಯುವಿನ ರಿಂಗಿಗೆ ಮೊದಲ ಬಾರಿ ಇಳಿದು, ರಿಕ್ ಫ್ಲೇರ್ ಅವರನ್ನು ಸೋಲಿಸಿ ಪಟ್ಟ ಗೆದ್ದರು. ನ್ಯಾಯಾಲಯದಲ್ಲಿ ತಲೆ ತಗ್ಗಿಸಿದ ಮನುಷ್ಯನೂ ರಿಂಗಿನಲ್ಲಿ ಕೈ ಎತ್ತಿದ ವೇಷವೂ ಒಂದೇ ತಿಂಗಳಲ್ಲಿ ಬದುಕಿದ್ದು ಹೀಗೆ.

ಪ್ರಶ್ನೆ: ಹೋಗನ್ ಖಳನಾಯಕನಾದದ್ದು ಅವರ ಜನಪ್ರಿಯತೆ ಕುಸಿದದ್ದರಿಂದಲೇ?

ಉತ್ತರ: ಹೌದು, ಮತ್ತು ಆ ಕುಸಿತವನ್ನು ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನೊಬ್ಬರಿಲ್ಲ. ಡಬ್ಲ್ಯುಸಿಡಬ್ಲ್ಯುವಿಗೆ ಹೋದ ಎರಡೇ ವರ್ಷಕ್ಕೆ ಪ್ರೇಕ್ಷಕರಿಗೆ ಆ ಹಳದಿ ಉಡುಪು, ಆ ಉಪದೇಶ ಸಾಕಾಗಿತ್ತು. 1996ರ ಜುಲೈ 7ರಂದು ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ, ಹೊರಗಿನಿಂದ ನುಗ್ಗಿಬಂದ ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್ ವಿರುದ್ಧ ಹೋಗನ್ ನೆರವಿಗೆ ಬಂದರೆಂದು ಜನ ಎದ್ದು ಕೂಗುತ್ತಿರುವಾಗಲೇ ಅವರು ತಮ್ಮ ಲೆಗ್ ಡ್ರಾಪನ್ನು ಸಜ್ಜನ ಪಕ್ಷದ ರ್‍ಯಾಂಡಿ ಸ್ಯಾವೇಜ್ ಮೇಲೆ ಹಾಕಿದರು. ಜನ ಕೈಗೆ ಸಿಕ್ಕ ಕಸವನ್ನೆಲ್ಲ ರಿಂಗಿಗೆ ಎಸೆದರು. ಕಪ್ಪು ಉಡುಪು, ಕಪ್ಪು ಬಣ್ಣ ಬಳಿದ ಗಡ್ಡದ ಆ ಹೊಸ ಹೋಗನ್ ಇನ್ನೊಂದು ಸುತ್ತಿನ ಕೀರ್ತಿ ಗಳಿಸಿದ.

ಹಿನ್ನಡೆ ಬಂದದ್ದು ಅದರ ನಂತರ, ಅವರ ಒಪ್ಪಂದದಲ್ಲಿದ್ದ ಒಂದು ಸಾಲಿನಿಂದ. ತಮ್ಮ ಪಾತ್ರದ ಕಥೆ ಹೇಗೆ ಸಾಗಬೇಕೆಂಬುದರಲ್ಲಿ ಅಂತಿಮ ಮಾತು ಹೋಗನ್ ಅವರದೇ ಎಂದು ಅದರಲ್ಲಿತ್ತು. ಯಾವ ನಟನಿಗೂ ಇದು ವರವೆಂದೇ ತೋರುತ್ತದೆ. ಆದರೆ ಎದುರಾಳಿ ಬೆಳೆಯದೆ ನಾಯಕನೊಬ್ಬನೇ ಬೆಳೆಯಲಾರ. 1999ರ ಜನವರಿ 4ರಂದು ಅಟ್ಲಾಂಟಾದಲ್ಲಿ ಪಟ್ಟಕ್ಕಾಗಿ ಎದುರುಬದುರಾದಾಗ ಹೋಗನ್ ಬೆರಳಿನಿಂದ ಎದೆಗೆ ತಿವಿದರು, ನ್ಯಾಶ್ ಅಂಗಾತ ಬಿದ್ದರು, ಪಂದ್ಯ ಮುಗಿಯಿತು. ಟಿಕೆಟ್ ಕೊಂಡು ಬಂದವರಿಗೆ ಇದು ಕಪಾಳಕ್ಕೆ ಹೊಡೆದಂತಾಯಿತು. 2000ದ ಜುಲೈನಲ್ಲಿ ಜೆಫ್ ಜ್ಯಾರೆಟ್ ಕೂಡ ಹೋಗನ್ ಮುಂದೆ ತಾವಾಗಿಯೇ ಮಲಗಿದರು. ಬಳಿಕ ಕಥೆಗಾರ ವಿನ್ಸ್ ರುಸ್ಸೋ ರಿಂಗಿಗೆ ಬಂದು ಹೋಗನ್ ಅವರನ್ನು ಎಲ್ಲರೆದುರು ಜರೆದರು. ಹೋಗನ್ ಮಾನನಷ್ಟ ಮೊಕದ್ದಮೆ ಹೂಡಿದರು, ಅದು ನಿಲ್ಲಲಿಲ್ಲ. ಆ ಕಂಪನಿಗೆ ಅವರು ಮತ್ತೆ ಕಾಲಿಡಲಿಲ್ಲ; 2001ರ ಮಾರ್ಚಿನಲ್ಲಿ ಕಂಪನಿಯನ್ನೇ ಮ್ಯಾಕ್‌ಮ್ಯಾನ್ ಕೊಂಡುಕೊಂಡರು. ಮರುವರ್ಷ ಟೊರೊಂಟೋದಲ್ಲಿ ದಿ ರಾಕ್ ಎದುರು ಖಳನಾಗಿಯೇ ಸೋಲಲು ಬಂದ ಹೋಗನ್ ಪರವಾಗಿ ಜನ ಗಂಟಲು ಹರಿಯುವಂತೆ ಕೂಗಿದ್ದು ಈ ಪುರಾಣದ ಒಂದು ಒಳ್ಳೆಯ ಅಧ್ಯಾಯ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಪಂದ್ಯ ಅವರು ಸೋತ ಆ ಪಂದ್ಯವೇ.

ಪ್ರಶ್ನೆ: ಟೀವಿಯಲ್ಲಿ ಅಷ್ಟು ಅನ್ಯೋನ್ಯವಾಗಿ ಕಾಣುತ್ತಿದ್ದ ಸಂಸಾರ ಏಕೆ ಮುರಿಯಿತು?

ಉತ್ತರ: ಬೇರೆಯವರ ಸಂಸಾರ ಏಕೆ ಮುರಿಯಿತೆಂದು ಹೊರಗಿನವರು ತೀರ್ಪು ಕೊಡುವುದು ಸಲ್ಲದು. ಲೋಕಕ್ಕೆ ತಿಳಿದಿರುವುದನ್ನಷ್ಟೇ ಹೇಳುತ್ತೇನೆ. 2005ರಿಂದ 2007ರವರೆಗೆ ಅವರ ಮನೆಯೊಳಗೇ ಕ್ಯಾಮೆರಾ ಇಟ್ಟು ರಿಯಾಲಿಟಿ ಕಾರ್ಯಕ್ರಮವೊಂದು ಪ್ರಸಾರವಾಯಿತು. ರಿಂಗಿನಲ್ಲಿಯಾದರೆ ಪಂದ್ಯ ಮುಗಿದ ಮೇಲೆ ವೇಷ ಕಳಚುವುದಕ್ಕೆ ಒಂದು ಕೋಣೆಯಾದರೂ ಇರುತ್ತದೆ; ಈ ಕಾರ್ಯಕ್ರಮ ಆ ಕೋಣೆಯನ್ನೂ ಇಲ್ಲವಾಗಿಸಿತು. 2007ರ ಆಗಸ್ಟ್‌ನಲ್ಲಿ ಕ್ಲಿಯರ್‌ವಾಟರ್‌ನಲ್ಲಿ ಅವರ ಮಗ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಜೊತೆಗಿದ್ದ ಸ್ನೇಹಿತನ ಮಿದುಳಿಗೆ ಆದ ಪೆಟ್ಟು ಗುಣವಾಗುವಂಥದ್ದಾಗಿರಲಿಲ್ಲ. ಮಗ ಜೈಲಿಗೆ ಹೋದ. ಅದೇ ವರ್ಷದ ನವೆಂಬರಿನಲ್ಲಿ ಪತ್ನಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು, 2009ರಲ್ಲಿ ಅದು ಇತ್ಯರ್ಥವಾದಾಗ ಆಸ್ತಿಯ ಬಹುಪಾಲು ಕೈಬಿಟ್ಟಿತ್ತು.

ಆ ದಿನಗಳಲ್ಲಿ ಒಂಟಿ ಮನೆಯಲ್ಲಿ ಕುಳಿತು ಬದುಕು ಮುಗಿಸಿಕೊಳ್ಳುವ ಯೋಚನೆಯಲ್ಲಿದ್ದಾಗ, ಟೀವಿ ಕಾರ್ಯಕ್ರಮವೊಂದರಲ್ಲಿ ಜೊತೆಗಿದ್ದ ಬಾಕ್ಸರ್ ಲೈಲಾ ಅಲಿ ಕುಶಲ ವಿಚಾರಿಸಲು ಫೋನ್ ಮಾಡಿದರು, ಆ ಕರೆ ತನ್ನನ್ನು ಉಳಿಸಿತು ಎಂದು ಹೋಗನ್ ಹೇಳಿಕೊಂಡಿದ್ದಾರೆ. ಇದನ್ನು ನಾನು ಸೋಸದೆಯೇ ನಂಬುತ್ತೇನೆ. ದೊಡ್ಡದಾಗಿ ಕಾಣಿಸಿಕೊಳ್ಳುವ ಆಸೆಯುಳ್ಳವನು ತನ್ನನ್ನು ಇಷ್ಟು ಸಣ್ಣದಾಗಿ ತೋರಿಸುವ ಕಥೆಯನ್ನು ಕಟ್ಟುವುದಿಲ್ಲ.

ಪ್ರಶ್ನೆ: ನ್ಯಾಯಾಲಯದಲ್ಲಿ 14 ಕೋಟಿ ಡಾಲರ್ ಗೆದ್ದವರು ಮಾನ ಕಳೆದುಕೊಂಡದ್ದು ಹೇಗೆ? ಎರಡೂ ಒಂದೇ ಪ್ರಕರಣವೇ?

ಉತ್ತರ: ಎರಡರ ಬೇರೂ ಒಂದೇ, ಗುಟ್ಟಾಗಿ ಚಿತ್ರಿಸಿದ ದೃಶ್ಯಗಳು. ಹೋಗನ್ ಅವರ ಖಾಸಗಿ ಕ್ಷಣಗಳ ವಿಡಿಯೊದ ತುಣುಕೊಂದನ್ನು 2012ರ ಅಕ್ಟೋಬರಿನಲ್ಲಿ ಗಾಕರ್ ಎಂಬ ಸುದ್ದಿತಾಣ ಪ್ರಕಟಿಸಿತು. ತಾನು ಚಿತ್ರಿತನಾಗುತ್ತಿದ್ದೇನೆಂಬುದೇ ತನಗೆ ತಿಳಿದಿರಲಿಲ್ಲವೆಂದು ಅವರು ದಾವೆ ಹೂಡಿದರು. ದಾವೆಯ ಖರ್ಚನ್ನು ತೆರೆಮರೆಯಿಂದ ಭರಿಸಿದವರು, ಅದೇ ತಾಣದ ಮೇಲೆ ತಮ್ಮದೇ ಸಿಟ್ಟಿದ್ದ ಉದ್ಯಮಿ ಪೀಟರ್ ಥೀಲ್ ಎಂಬುದು ಬಯಲಾದದ್ದು ತೀರ್ಪಿನ ನಂತರ. 2016ರ ಮಾರ್ಚಿನಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನ ಜ್ಯೂರಿ ಮೊದಲು 11.5 ಕೋಟಿ ಡಾಲರ್ ಪರಿಹಾರವನ್ನೂ ಆಮೇಲೆ ದಂಡವಾಗಿ 2.5 ಕೋಟಿ ಡಾಲರನ್ನೂ ವಿಧಿಸಿತು. ಗಾಕರ್ ದಿವಾಳಿ ಅರ್ಜಿ ಹಾಕಿತು. ಮೇಲ್ಮನವಿಯ ದಾರಿ ಬಿಟ್ಟು ಅದೇ ನವೆಂಬರಿನಲ್ಲಿ ರಾಜಿಯಾದಾಗ ಒಪ್ಪಿದ ಮೊತ್ತ 3.1 ಕೋಟಿ ಡಾಲರ್.

ಈ ವಿಚಾರಣೆಯಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದದ್ದು ಹಣವಲ್ಲ, ವಾದ. ಹೋಗನ್ ತಮ್ಮ ಶೃಂಗಾರ ಸಾಹಸಗಳ ಬಗ್ಗೆ ರೇಡಿಯೊದಲ್ಲಿ ತಾವೇ ಬಡಾಯಿ ಕೊಚ್ಚಿಕೊಂಡವರು, ಅಂಥವರಿಗೆ ಖಾಸಗಿತನ ಎಲ್ಲಿಯದು ಎಂದು ಪ್ರತಿವಾದಿ ವಕೀಲರು ಕೇಳಿದರು. ಅದಕ್ಕೆ ಸಾಕ್ಷಿಕಟ್ಟೆಯಿಂದ ಬಂದ ಉತ್ತರ ಹೀಗಿತ್ತು: ರೇಡಿಯೊದಲ್ಲಿ ಮಾತಾಡಿದವನು ಹಲ್ಕ್ ಹೋಗನ್ ಎಂಬ ಪಾತ್ರ, ಪಾತ್ರಕ್ಕೆ ಉತ್ಪ್ರೇಕ್ಷೆಯ ಸ್ವಾತಂತ್ರ್ಯವಿದೆ, ಆ ಕೋಣೆಯಲ್ಲಿದ್ದವನು ಟೆರಿ ಬೊಲಿಯಾ, ಅವನಿಗೆ ಮರ್ಯಾದೆಯಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ವೇಷ ಮತ್ತು ವ್ಯಕ್ತಿಯ ನಡುವಿನ ಗೆರೆಯನ್ನು ಅಳಿಸಿಯೇ ಬಾಳಿದವರು ಆ ಗೆರೆ ಇದೆಯೆಂದು ಪ್ರಮಾಣ ಮಾಡಿ ಹೇಳಬೇಕಾಯಿತು. ಜ್ಯೂರಿ ಒಪ್ಪಿತು. ನನ್ನ ಅಭಿಪ್ರಾಯದಲ್ಲಿ ಒಪ್ಪಿದ್ದು ಸರಿಯೇ. ಬಡಾಯಿ ಕೊಚ್ಚುವವನ ಮಲಗುವ ಕೋಣೆಗೂ ಬಾಗಿಲಿರಬೇಕು.

ಆದರೆ ಅದಕ್ಕೂ ಎಂಟು ತಿಂಗಳ ಹಿಂದೆ, 2015ರ ಜುಲೈನಲ್ಲಿ, ಅಂಥದೇ ಧ್ವನಿಮುದ್ರಣದಲ್ಲಿದ್ದ ಅವರ ಮಾತುಗಳು ಪತ್ರಿಕೆಗೆ ಸಿಕ್ಕಿದ್ದವು. ಮಗಳ ಗೆಳೆತನದ ವಿಚಾರವೆತ್ತಿ ಅವರು ಕರಿಯ ಜನಾಂಗದವರ ಬಗ್ಗೆ ಅತಿ ಹೀನ ಶಬ್ದವನ್ನು ಮತ್ತೆ ಮತ್ತೆ ಬಳಸಿದ್ದರು, ತಾನು ಜನಾಂಗದ್ವೇಷಿಯೇ ಎಂದೂ ಅಂದಿದ್ದರು. ಡಬ್ಲ್ಯುಡಬ್ಲ್ಯುಇ ಕೂಡಲೇ ಒಪ್ಪಂದ ರದ್ದುಮಾಡಿ, ತನ್ನ ಕೀರ್ತಿಶಾಲಿಗಳ ಪಟ್ಟಿಯಿಂದಲೂ ಅವರ ಹೆಸರು ತೆಗೆಯಿತು. ಹೋಗನ್ ಕ್ಷಮೆ ಕೇಳಿದರು. ಇಲ್ಲಿ ಮಾತ್ರ 'ಅದು ಪಾತ್ರ ಆಡಿದ ಮಾತು' ಎನ್ನುವ ದಾರಿ ಅವರಿಗಿರಲಿಲ್ಲ, ಏಕೆಂದರೆ ಆ ಕೋಣೆಯಲ್ಲಿ ಇದ್ದವನು ಬೊಲಿಯಾ ಎಂಬುದೇ ಅವರ ಮೊಕದ್ದಮೆಯ ಅಡಿಪಾಯವಾಗಿತ್ತು. ಹಣ ತಂದುಕೊಟ್ಟ ವಾದವೇ ತಪ್ಪಿಸಿಕೊಳ್ಳುವ ಬಾಗಿಲನ್ನೂ ಮುಚ್ಚಿತು.

2018ರ ಜುಲೈನಲ್ಲಿ ಅವರ ಹೆಸರು ಪಟ್ಟಿಗೆ ಮರಳಿತು. ಪಿಟ್ಸ್‌ಬರ್ಗ್‌ನಲ್ಲಿ ಕುಸ್ತಿಪಟುಗಳನ್ನು ಸೇರಿಸಿ ಅವರೆದುರು ಹೋಗನ್ ಕ್ಷಮೆ ಕೋರಿದರು. ಟೈಟಸ್ ಓನೀಲ್ ಅವರಂಥ ಕರಿಯ ಕುಸ್ತಿಪಟುಗಳಿಗೆ ಅದು ಸಮಾಧಾನ ತರಲಿಲ್ಲ; ಆ ಮಾತಿನಲ್ಲಿ ನಿಜವಾದ ಪಶ್ಚಾತ್ತಾಪ ಕಾಣಲಿಲ್ಲವೆಂದು ಓನೀಲ್ ಬಹಿರಂಗವಾಗಿಯೇ ಹೇಳಿದರು.

ಪ್ರಶ್ನೆ: ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ ಜನ ಅವರನ್ನು ಛೀಮಾರಿ ಹಾಕಿ ಕೂಗಿದ್ದು ನ್ಯಾಯವೇ? ರೋಗಿಷ್ಠನಾಗಿದ್ದ ವೃದ್ಧನಿಗೆ ಅಷ್ಟೂ ಮರ್ಯಾದೆ ಬೇಡವೇ?

ಉತ್ತರ: 2025ರ ಜನವರಿ 6ರಂದು ಲಾಸ್ ಏಂಜಲೀಸ್ ಬಳಿಯ ಇಂಗಲ್‌ವುಡ್‌ನಲ್ಲಿ, ಕಂಪನಿಯ ವಾರದ ಕಾರ್ಯಕ್ರಮ ನೆಟ್‌ಫ್ಲಿಕ್ಸ್‌ಗೆ ಬಂದ ಮೊದಲ ರಾತ್ರಿ ನಡೆದ ಘಟನೆಯದು. ಹೋಗನ್ ರಾಷ್ಟ್ರಧ್ವಜ ಹಿಡಿದು, ತಮ್ಮ ಹೆಸರಿನೊಂದಿಗೆ ಬೆಸೆದಿದ್ದ ಬಿಯರ್ ಕಂಪನಿಯ ಪ್ರಚಾರಕ್ಕೆಂದು ಬಂದಿದ್ದರು. ಹಳೆಯ ಸಂಗೀತ ಕೇಳಿದ ಕೂಡಲೇ ಎದ್ದ ಕೂಗು ಅವರ ಮಾತು ಮುಗಿಯುವ ತನಕ ನಿಲ್ಲಲಿಲ್ಲ. ಹಿಂದಿನ ಜುಲೈನಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಅಂಗಿ ಹರಿದುಕೊಂಡು ಮಾಡಿದ ಭಾಷಣಕ್ಕೆ ಇದು ಪ್ರತಿಕ್ರಿಯೆಯೆಂದು ಕೆಲವರು, 2015ರ ಮಾತುಗಳಿಗೆಂದು ಇನ್ನು ಕೆಲವರು ವ್ಯಾಖ್ಯಾನಿಸಿದರು. ಎರಡೂ ಇದ್ದಿರಬೇಕು.

ಅಂದು ಅವರಿಗೆ ಎಷ್ಟು ಕಾಯಿಲೆಗಳಿದ್ದವೆಂಬುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಸಾವಿಗೆ ಕಾರಣ ಹೃದಯಾಘಾತ, ಹೃದಯದ ಬಡಿತ ತಪ್ಪುವ ತೊಂದರೆಯೂ ಒಂದು ಬಗೆಯ ರಕ್ತದ ಕ್ಯಾನ್ಸರೂ ಇದ್ದವೆಂಬುದು ಅವರು ಹೋದ ಮೇಲೆ ವೈದ್ಯಕೀಯ ದಾಖಲೆಯಿಂದ ಹೊರಬಂದ ಸುದ್ದಿ. ಹಾಗಾಗಿ ಜನರನ್ನು ನಿರ್ದಯಿಗಳೆಂದು ದೂಷಿಸಲಾರೆ. ನ್ಯಾಯವೇ ಎಂದು ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ: ನ್ಯಾಯವೇ. 1996ರ ಡೇಟೋನಾದಲ್ಲಿ ಜನ ಕೂಗಿದ್ದು ವೇಷಕ್ಕೆ, ಅದಕ್ಕೆ ಅವರಿಗೆ ಸಂಬಳ ಬರುತ್ತಿತ್ತು, ಆ ಕೂಗನ್ನು ಏರಿಸುವುದೂ ಇಳಿಸುವುದೂ ಅವರ ಕೈಯಲ್ಲಿತ್ತು. ಇಂಗಲ್‌ವುಡ್‌ನಲ್ಲಿ ಜನ ಕೂಗಿದ್ದು ಬೊಲಿಯಾ ಎಂಬ ಮನುಷ್ಯ ಆಡಿದ್ದಕ್ಕೆ. ಅವರು ಏನು ಹೇಳಿದರೂ ಅದು ಜೈಕಾರವಾಗಲಿಲ್ಲ. ಬಿಯರಿನ ಹೆಸರು ಹೇಳಿ ಮುಗಿಸಿ ಒಳಗೆ ನಡೆದರು.